ಮಡಕೆ, ಸೀರೆ, ಕೌದಿ: ಮನೆಯ ವಸ್ತುವೊಂದರ ಪದಾರ್ಥವಿಚಾರ ಮಾಡುವ ಬಗೆ

ನಮ್ಮ ಮನೆಯಲ್ಲಿ ಒಂದು ಕೌದಿ ಇದೆ. ಅಜ್ಜಿಯ ಮೂರು ಇಳಕಲ್ ಸೀರೆಗಳು, ಅಜ್ಜನ ಒಂದು ಧೋತರ, ಯಾರದೋ ಕುಬಸದ ತುಂಡುಗಳು ಸೇರಿ ಆದದ್ದು. ಚಳಿಗಾಲದಲ್ಲಿ ಅದನ್ನು ಹೊದಿಸುವಾಗ ಅವ್ವ ಒಂದು ಮೂಲೆಯನ್ನು ಮುಟ್ಟಿ, "ಇದು ನಿಮ್ಮ ಅಜ್ಜಿಯ ಮದುವೆಯ ಸೀರೆ" ಎನ್ನುತ್ತಿದ್ದಳು. ಹಾಗಾದರೆ ಆ ಸೀರೆ ಇನ್ನೂ ಇದೆಯೇ? ಇದ್ದರೆ ಎಲ್ಲಿದೆ? ಇಲ್ಲವಾದರೆ ಯಾವ ಗಳಿಗೆಯಲ್ಲಿ, ಯಾವ ಕತ್ತರಿಯ ಏಟಿಗೆ ಇಲ್ಲವಾಯಿತು? ಈ ಪ್ರಶ್ನೆಗಳಿಗೆ ಬೇಕಾದ ಮಾತುಗಳು ನನಗೆ ಸಿಕ್ಕಿದ್ದು ಬಹಳ ವರ್ಷಗಳ ನಂತರ, ನ್ಯಾಯವೈಶೇಷಿಕ ಶಾಸ್ತ್ರದ ಪ್ರವೇಶಪಾಠವಾದ ಅನ್ನಂಭಟ್ಟರ 'ತರ್ಕಸಂಗ್ರಹ'ವನ್ನು ಪಾಠ ಹೇಳಿಸಿಕೊಂಡು ಓದಿದಾಗ. ಹದಿನೇಳನೆಯ ಶತಮಾನದ ಆ ಪುಟ್ಟ ಪುಸ್ತಕ, ಮಕ್ಕಳಿಗೆ ಸುಲಭವಾಗಿ ತಿಳಿಯಲೆಂದು ಬರೆದದ್ದು ಎಂದು ತನ್ನ ಮೊದಲ ಶ್ಲೋಕದಲ್ಲಿಯೇ ಹೇಳಿಕೊಳ್ಳುತ್ತದೆ.

ವಸ್ತು ಎಂದರೇನು, 'ಈ ಮಡಕೆ' ಮತ್ತು 'ಮಡಕೆತನ' ಇವುಗಳ ಸಂಬಂಧವೇನು ಎಂಬ ವಿಚಾರವನ್ನು ನಮ್ಮ ದೇಶದಲ್ಲಿ ವೈಶೇಷಿಕರು (ಇರುವುದನ್ನೆಲ್ಲ ವಿಂಗಡಿಸುವ ದರ್ಶನದವರು), ನೈಯಾಯಿಕರು (ತರ್ಕದ ದರ್ಶನದವರು), ಬೌದ್ಧರು, ಜೈನರು ಮತ್ತು ಮಧ್ವಾಚಾರ್ಯರ ಅನುಯಾಯಿಗಳಾದ ದ್ವೈತಿಗಳು ಶತಮಾನಗಳ ಕಾಲ ಪರಸ್ಪರ ಬಿಡದೆ ಚರ್ಚಿಸಿದ್ದಾರೆ. ಓದಲು ಹೊರಟವರು ಸಾಮಾನ್ಯವಾಗಿ ಸೋಲುವುದು ಮೊದಲ ವಾರದಲ್ಲಿಯೇ, ಯಾವ ದರ್ಶನ ಏನು ಹೇಳುತ್ತದೆ ಎಂದು ಪಟ್ಟಿ ಮಾಡಿಕೊಂಡು ಬಾಯಿಪಾಠ ಮಾಡಲು ಹೋಗಿ. ನಾನು ಹೇಳುವ ದಾರಿ ಬೇರೆ. ಒಂದು ವಸ್ತುವನ್ನು ಮುಂದಿಟ್ಟುಕೊಳ್ಳಿ, ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೆ ಏನು ಬೆಲೆ ತೆರಬೇಕಾಯಿತು ಎಂದು ಬರೆದಿಡಿ. ದರ್ಶನಗಳು ತಾವಾಗಿಯೇ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಎರಡು ಮಣ್ಣಿನ ಮಡಕೆಗಳು, ಎಳೆ ಬಿಡಿಸಬಹುದಾದ ಒಂದು ಹಳೆಯ ಬಟ್ಟೆ, ಒಂದು ನೋಟ್‌ಬುಕ್. ಪುಟದ ಎಡಕ್ಕೆ 'ಒಪ್ಪಿದ್ದು', ಬಲಕ್ಕೆ 'ತೆತ್ತದ್ದು' ಎಂದು ಎರಡು ಅಂಕಣ ಹಾಕಿಕೊಳ್ಳಿ.

ಹಂತ 1: ಒಂದು ವಾಕ್ಯ ಹೇಳಿ, ಅದನ್ನು ಬಿಡಿಸಿ

ಮಡಕೆಯನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ, ಕಂಡದ್ದನ್ನು ಬರೆಯಿರಿ: "ಈ ಕೆಂಪು ಮಡಕೆ ಉರುಳುತ್ತಿದೆ." ಈ ನಾಲ್ಕು ಪದಗಳಲ್ಲಿ ಅರ್ಧ ಶಾಸ್ತ್ರವೇ ಅಡಗಿದೆ. ಉರುಳುವುದು ಕರ್ಮ. ಕೆಂಪು ಗುಣ. ಇವೆರಡಕ್ಕೂ ಆಶ್ರಯವಾಗಿ ನಿಂತದ್ದು ದ್ರವ್ಯ. 'ಮಡಕೆ' ಎಂಬ ಮಾತು ಪಕ್ಕದ ಮಡಕೆಗೂ ಸಲ್ಲುವುದರಿಂದ ಅಲ್ಲಿ ಸಾಮಾನ್ಯವೆಂಬುದು ಸೂಚಿತವಾಗುತ್ತದೆ. ಅದನ್ನೇ ಜಾತಿ ಎಂದೂ ಕರೆಯುತ್ತಾರೆ. ಕೆಂಪು ಬಣ್ಣ ಮಡಕೆಗೆ ಬಿಡಿಸಲಾಗದಂತೆ ಅಂಟಿಕೊಂಡಿರುವ ಸಂಬಂಧ ಸಮವಾಯ. ಇವುಗಳ ಜೊತೆಗೆ ವಿಶೇಷ (ಒಂದೇ ತರಹದ ಪರಮಾಣುಗಳನ್ನು ಬೇರೆ ಮಾಡುವ ಗುರುತು), ಅಭಾವ (ಇಲ್ಲದಿರುವಿಕೆ) ಎಂಬ ಎರಡನ್ನು ಸೇರಿಸಿದರೆ ಏಳು ಪದಾರ್ಥಗಳು, ಎಂದರೆ ಎಲ್ಲವನ್ನೂ ವಿಂಗಡಿಸುವ ಏಳು ವರ್ಗಗಳು, ಆದವು. ದ್ರವ್ಯಗಳು 9, ಗುಣಗಳು 24, ಕರ್ಮಗಳು 5 ಎಂಬ ಒಳಲೆಕ್ಕವಿದೆ. ಅದನ್ನು ಈಗಲೇ ಕಲಿಯುವ ಅಗತ್ಯವಿಲ್ಲ.

ಇಲ್ಲಿ ಒಂದು ಕಡೆ ಮಾತ್ರ ನಿಧಾನಿಸಿ. ನಿಮ್ಮ ಎರಡು ಮಡಕೆಗಳೂ ಕೆಂಪಾಗಿವೆ. ಅಲ್ಲಿರುವುದು ಒಂದು ಕೆಂಪೋ, ಎರಡು ಕೆಂಪುಗಳೋ? ನನ್ನ ಮೊದಲ ಉತ್ತರ 'ಒಂದು' ಎಂದಾಗಿತ್ತು. ಹೊಸಬರು ಬಹುತೇಕ ಹಾಗೆಯೇ ಹೇಳುತ್ತಾರೆ. ಒಂದು ಮಡಕೆಯನ್ನು ಬೆಂಕಿಗೆ ಹಿಡಿದು ಕಪ್ಪು ಮಾಡಿ ನೋಡಿ. ಅದರ ಕೆಂಪು ನಾಶವಾಯಿತು, ಪಕ್ಕದ ಮಡಕೆಯ ಕೆಂಪು ಹಾಗೆಯೇ ಉಳಿಯಿತು. ಒಂದು ನಾಶವಾಗಿ ಇನ್ನೊಂದು ಉಳಿದರೆ ಅವು ಎರಡು. ಆದ್ದರಿಂದ ಈ ಮಡಕೆಯ ಕೆಂಪು ಈ ಮಡಕೆಯಷ್ಟೇ ಬಿಡಿಯಾದ, ಹುಟ್ಟಿ ಸಾಯುವ ಒಂದು 'ವ್ಯಕ್ತಿ', ಎಂದರೆ ಬಿಡಿ ವಸ್ತು. ಎರಡು ಕೆಂಪುಗಳಲ್ಲಿಯೂ ಇರುವ 'ಕೆಂಪುತನ' ಮಾತ್ರ ಜಾತಿ. ಗುಣವನ್ನೂ ಜಾತಿಯನ್ನೂ ಬೆರೆಸಿಬಿಟ್ಟರೆ ಮುಂದಿನ ಯಾವ ಚರ್ಚೆಯೂ ಹಿಡಿತಕ್ಕೆ ಸಿಗುವುದಿಲ್ಲ. ಈ ಹಂತಕ್ಕೆ ಎರಡು ದಿನ ಹಿಡಿದರೂ ಚಿಂತೆಯಿಲ್ಲ.

ಹಂತ 2: ಲಕ್ಷಣದ ಒಂದೊಂದು ಪದವನ್ನೂ ತೆಗೆದು ನೋಡಿ

ಸಾಮಾನ್ಯಕ್ಕೆ ತರ್ಕಸಂಗ್ರಹ ಕೊಡುವ ಲಕ್ಷಣ, ಎಂದರೆ ವ್ಯಾಖ್ಯೆ, ಮೂರೇ ಪದಗಳದ್ದು: ನಿತ್ಯಮ್, ಏಕಮ್, ಅನೇಕಾನುಗತಮ್. ಎಂದೆಂದೂ ಇರುವುದು, ಒಂದೇ ಆಗಿರುವುದು, ಅನೇಕದಲ್ಲಿ ಸಮವಾಯದಿಂದ ನೆಲೆಸಿರುವುದು. ಇದನ್ನು ಒಪ್ಪುವ ಮೊದಲು 'ಪದಕೃತ್ಯ' ಎಂಬ ಹಳೆಯ ಅಭ್ಯಾಸವನ್ನು ಮಾಡಿ. ಲಕ್ಷಣದಿಂದ ಒಂದು ಪದವನ್ನು ತೆಗೆದುಹಾಕಿ, ಆ ಸಂದಿನಲ್ಲಿ ಯಾವ ಬೇಡದ ವಸ್ತು ನುಗ್ಗುತ್ತದೆ ಎಂದು ನೋಡುವುದೇ ಪದಕೃತ್ಯ.

'ನಿತ್ಯ'ವನ್ನು ತೆಗೆಯಿರಿ. ಎರಡು ಮಡಕೆಗಳನ್ನು ತಾಗಿಸಿಟ್ಟಾಗ ಹುಟ್ಟುವ ಸಂಯೋಗ ಒಂದೇ, ಎರಡು ಮಡಕೆಗಳಲ್ಲೂ ಇದೆ, ಅದೂ ಜಾತಿಯಾಗಿಬಿಡುತ್ತದೆ. 'ಅನೇಕ'ವನ್ನು ತೆಗೆದರೆ ಪರಮಾಣುವಿನ ಪರಿಮಾಣದಂತಹ (ಗಾತ್ರದಂತಹ) ನಿತ್ಯಗುಣ ಒಳಗೆ ಬರುತ್ತದೆ, ಏಕೆಂದರೆ ಅದು ನಿತ್ಯವಾಗಿಯೇ ಒಂದರಲ್ಲಿ ನೆಲೆಸಿದೆ. 'ಸಮವಾಯದಿಂದ' ಎಂಬ ಅಂಶವನ್ನು ಬಿಟ್ಟರೆ ಅತ್ಯಂತಾಭಾವ ನುಗ್ಗುತ್ತದೆ: ಗಾಳಿಯಲ್ಲಿ ಬಣ್ಣವಿಲ್ಲದಿರುವುದು, ಆಕಾಶದಲ್ಲಿ ಬಣ್ಣವಿಲ್ಲದಿರುವುದು ಒಂದೇ ನಿತ್ಯವಾದ ಇಲ್ಲದಿರುವಿಕೆ. ಒಂದೊಂದು ಅಂಶವೂ ಕಾವಲುಗಾರನಂತೆ ನಿಂತಿರುವುದು ಆಗ ಕಾಣುತ್ತದೆ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಕಾನೂನಿನ ಪುಸ್ತಕವಾಗಲಿ ವ್ಯಾಕರಣವಾಗಲಿ ನೀವು ಓದುವ ಬಗೆಯೇ ಬದಲಾಗುತ್ತದೆ.

ಹಂತ 3: ಜರಡಿ ಹಿಡಿಯಿರಿ

ಒಂದೇ ಹೆಸರಿನಿಂದ ಕರೆಯುವ ಎಲ್ಲವುಗಳ ಹಿಂದೆಯೂ ಜಾತಿ ಇದೆಯೇ? 'ಅಡುಗೆಯವರು' ಎಂದು ಹತ್ತು ಜನರನ್ನು ಕರೆಯುತ್ತೇವೆ. ಅವರಲ್ಲಿ ಅಡುಗೆಯವತನ ಎಂಬ ನಿತ್ಯವಸ್ತು ಕುಳಿತಿದೆಯೇ? ಇಲ್ಲ, ಅಡುಗೆ ಎಂಬ ಕೆಲಸವೇ ಆ ಹೆಸರಿಗೆ ಸಾಕು. ಇಂತಹವನ್ನು ಉಪಾಧಿ ಎನ್ನುತ್ತಾರೆ. ಯಾವುದು ಜಾತಿ, ಯಾವುದು ಉಪಾಧಿ ಎಂದು ಬೇರ್ಪಡಿಸಲು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಉದಯನಾಚಾರ್ಯರು 'ಕಿರಣಾವಲೀ'ಯಲ್ಲಿ ಆರು ಬಾಧಕಗಳನ್ನು, ಎಂದರೆ ತಡೆಗಳನ್ನು, ಒಂದೇ ಶ್ಲೋಕದಲ್ಲಿ ಕಟ್ಟಿದರು. ಈ ಆರರಲ್ಲಿ ಒಂದಕ್ಕೆ ಸಿಕ್ಕಿಬಿದ್ದರೂ ಅದು ಜಾತಿಯಲ್ಲ.

ಮೊದಲನೆಯದು, ವ್ಯಕ್ತಿ ಒಂದೇ ಆಗಿದ್ದರೆ ಜಾತಿಯಿಲ್ಲ. ಆಕಾಶ ಒಂದೇ, ಆದ್ದರಿಂದ ಆಕಾಶತ್ವ ಜಾತಿಯಲ್ಲ. ಎರಡನೆಯದು, ಅದೇ ವ್ಯಕ್ತಿಗಳಿಗೆ ಎರಡು ಹೆಸರು ಇದ್ದ ಮಾತ್ರಕ್ಕೆ ಎರಡು ಜಾತಿಗಳಿಲ್ಲ; ಘಟ, ಕಲಶ ಎರಡೂ ಮಡಕೆಯ ಹೆಸರುಗಳೇ, ಘಟತ್ವ, ಕಲಶತ್ವ ಎಂದು ಬೇರೆ ಬೇರೆ ಲೆಕ್ಕ ಹಿಡಿಯುವಂತಿಲ್ಲ. ನಾಲ್ಕನೆಯದು ಅನವಸ್ಥೆ: ಜಾತಿಗಳಿಗೆಲ್ಲ ಜಾತಿತ್ವವೆಂಬ ಜಾತಿ ಇದ್ದರೆ ಅದಕ್ಕೂ ಇನ್ನೊಂದು ಬೇಕು, ಕೊನೆಯೇ ಇಲ್ಲ. ಐದು ಮತ್ತು ಆರನೆಯವು ವಿಶೇಷ, ಸಮವಾಯಗಳನ್ನು ಕುರಿತವು. ವಿಶೇಷಗಳು ತಮಗೆ ತಾವೇ ಬೇರೆಯಾಗಿರುವಂಥವು, ಅವುಗಳಿಗೆ ಜಾತಿ ಕೊಟ್ಟರೆ ಆ ಸ್ವರೂಪವೇ ಹಾಳಾಗುತ್ತದೆ. ಸಮವಾಯದಲ್ಲಿ ಜಾತಿ ನೆಲೆಸಲು ಮತ್ತೊಂದು ಸಮವಾಯವೇ ಇಲ್ಲ.

ಮೂರನೆಯದನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. ಅದು ಸಂಕರ. ಎರಡು ಜಾತಿಗಳಲ್ಲಿ ಒಂದು ಇನ್ನೊಂದರ ಒಳಗೆ ಪೂರ್ತಿ ಇರಬೇಕು, ಇಲ್ಲವೇ ಒಂದನ್ನೊಂದು ಮುಟ್ಟಲೇಬಾರದು. ಅಡ್ಡಹಾಯಬಾರದು. ಭೂತತ್ವ (ಪಂಚಭೂತಗಳಲ್ಲಿ ಒಂದಾಗಿರುವುದು) ಮತ್ತು ಮೂರ್ತತ್ವ (ಮಿತಿಯುಳ್ಳ ಗಾತ್ರವಿರುವುದು) ಎಂಬುದು ಪಾಠದಲ್ಲಿ ಬರುವ ಉದಾಹರಣೆ: ಆಕಾಶ ಭೂತವಾದರೂ ಮೂರ್ತವಲ್ಲ, ಮನಸ್ಸು ಮೂರ್ತವಾದರೂ ಭೂತವಲ್ಲ, ಮಣ್ಣು ನೀರುಗಳು ಎರಡೂ ಹೌದು. ಈಗ ಇದೇ ಪರೀಕ್ಷೆಯನ್ನು ನಿಮ್ಮ ಮುಂದಿರುವ ಮಡಕೆಗೆ ಹಚ್ಚಿ. ಮಣ್ಣಿನ ಕೊಡವಿದೆ, ಚಿನ್ನದ ಕೊಡವೂ ಇದೆ. ನೈಯಾಯಿಕರ ಎಣಿಕೆಯಲ್ಲಿ ಚಿನ್ನ ಪೃಥಿವಿಯಲ್ಲ (ಮಣ್ಣಲ್ಲ), ತೇಜಸ್ಸು (ಬೆಂಕಿಯ ವರ್ಗ). ಮಣ್ಣಿನ ಹೆಂಟೆಯಲ್ಲಿ ಪೃಥಿವೀತ್ವ ಉಂಟು, ಘಟತ್ವವಿಲ್ಲ. ಚಿನ್ನದ ಕೊಡದಲ್ಲಿ ಘಟತ್ವ ಉಂಟು, ಪೃಥಿವೀತ್ವವಿಲ್ಲ. ಮಣ್ಣಿನ ಕೊಡದಲ್ಲಿ ಎರಡೂ ಉಂಟು. ಶಾಸ್ತ್ರದ ಪುಟಪುಟದಲ್ಲೂ ಜಾತಿಗೆ ಉದಾಹರಣೆಯಾಗಿ ಬರುವ ಘಟತ್ವವೇ ಜರಡಿಯಲ್ಲಿ ಸಿಕ್ಕಿಕೊಂಡಿತು! ಅದನ್ನು ಬಿಡಿಸಬೇಕಾದರೆ ಮಣ್ಣಿನ ಘಟತ್ವ ಬೇರೆ, ಚಿನ್ನದ ಘಟತ್ವ ಬೇರೆ ಎನ್ನಬೇಕು. ಹಾಗೆಂದ ಮೇಲೆ ಎರಡನ್ನೂ ನಾವು ಒಂದೇ ಮಾತಿನಿಂದ ಕೊಡವೆಂದು ಕರೆಯುವುದು ಯಾವ ಆಧಾರದ ಮೇಲೆ? ಇದನ್ನು ಬಲಗಡೆಯ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಹಂತ 4: ಎದುರಾಳಿಯನ್ನು ಮನೆಗೆ ಕರೆಯಿರಿ

ಇಷ್ಟು ಕಟ್ಟಿದ ಮೇಲೆ ಅದನ್ನು ಕೆಡವಬಲ್ಲವರ ಮಾತನ್ನು ಪೂರ್ತಿ ಕೇಳಬೇಕು. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ 'ಪ್ರಮಾಣವಾರ್ತಿಕ'ದಲ್ಲಿ ಕೇಳುವುದು ಇದು. ತಿಗರಿಯ ಮೇಲೆ ಈಗ ತಾನೆ ಹೊಸ ಮಡಕೆ ಹುಟ್ಟಿತು. ಅದರಲ್ಲಿರುವ ಮಡಕೆತನ ಎಲ್ಲಿಂದ ಬಂತು? ಹಳೆಯ ಮಡಕೆಯಿಂದ ಎದ್ದು ಬರಲಿಲ್ಲ, ಏಕೆಂದರೆ ಅದು ನಡೆದಾಡುವ ವಸ್ತುವಲ್ಲ. ಮೊದಲೇ ಆ ಜಾಗದಲ್ಲಿರಲಿಲ್ಲ. ಆದರೂ ಈಗ ಇದೆ. ಒಂದು ತುಂಡು ಇಲ್ಲಿ, ಒಂದು ತುಂಡು ಅಲ್ಲಿ ಎನ್ನಲು ಅದಕ್ಕೆ ಭಾಗಗಳಿಲ್ಲ. ಹಳೆಯ ಆಶ್ರಯವನ್ನೂ ಬಿಟ್ಟಿಲ್ಲ. 'ಅಹೋ ವ್ಯಸನಸಂತತಿಃ' ಎಂದು ಆ ಶ್ಲೋಕ ಮುಗಿಯುತ್ತದೆ: ಎಂತಹ ಕಷ್ಟಗಳ ಸರಮಾಲೆ!

ಜಾತಿ ಇಲ್ಲದಿದ್ದರೆ ಒಂದೇ ಮಾತು ಅನೇಕಕ್ಕೆ ಸಲ್ಲುವುದು ಹೇಗೆ? ಬೌದ್ಧರ ಉತ್ತರ ಮನೆಯ ಹಿತ್ತಲಿನಿಂದಲೇ ಬರುತ್ತದೆ. ಅಮೃತಬಳ್ಳಿಯೂ ಜ್ವರ ಇಳಿಸುತ್ತದೆ, ಬೇರೆ ಕೆಲವು ಮೂಲಿಕೆಗಳೂ ಇಳಿಸುತ್ತವೆ. ಅವುಗಳ ಒಳಗೆಲ್ಲ ಒಂದೇ ನಿತ್ಯವಸ್ತು ಇರಬೇಕಿಲ್ಲ. ಒಂದೇ ಕೆಲಸ ಮಾಡಿಕೊಟ್ಟರೆ ಸಾಕು, ನಾವು ಅವನ್ನು 'ಅಲ್ಲದ್ದರಿಂದ' ಬೇರ್ಪಡಿಸಿ ಒಂದು ಹೆಸರಿನ ಕೆಳಗೆ ತರುತ್ತೇವೆ. ಮಡಕೆ ಎಂದರೆ ಮಡಕೆಯಲ್ಲದ್ದು ಅಲ್ಲದ್ದು. ಇದೇ ಅಪೋಹ. ನಿಜವಾಗಿ ಇರುವುದು ಬಿಡಿಬಿಡಿಯಾದ ಕ್ಷಣಿಕ ಸ್ವಲಕ್ಷಣಗಳು, ಎಂದರೆ ಇನ್ನೊಂದರಂತಿಲ್ಲದ ಒಂಟಿ ವಸ್ತುಗಳು, ಮಾತ್ರ.

ಮಿತವ್ಯಯದಲ್ಲಿ ಇದನ್ನು ಮೀರಿಸುವ ಉತ್ತರವಿಲ್ಲ. ಆದರೆ 'ಮಡಕೆಯಲ್ಲದ್ದು' ಯಾವುದು ಎಂದು ತಿಳಿಯಲು ಮಡಕೆ ಯಾವುದು ಎಂದು ಮೊದಲೇ ತಿಳಿದಿರಬೇಕಲ್ಲವೇ ಎಂದು ಮೀಮಾಂಸಾ ದರ್ಶನದ ಕುಮಾರಿಲಭಟ್ಟರು ಅಪೋಹವಾದಕ್ಕೆ ಹಾಕಿದ ಪ್ರಶ್ನೆಯನ್ನೂ ಬಲಗಡೆ ಬರೆಯಿರಿ. ಎರಡೂ ಪಕ್ಷಗಳ ಸಾಲ ಪುಸ್ತಕದಲ್ಲಿ ಇರಬೇಕು.

ಹಂತ 5: ಉಡುಪಿಯ ದಾರಿಯನ್ನು ಪರೀಕ್ಷಿಸಿ

ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರ (1238–1317) ದ್ವೈತ ಪರಂಪರೆ ಇಲ್ಲಿ ನಡುವಿನ ಒಂದು ದಾರಿ ತೆರೆಯುತ್ತದೆ. ವಸ್ತುಗಳು ನಿಜ, ಅವುಗಳ ಧರ್ಮಗಳೂ, ಎಂದರೆ ಅವುಗಳಲ್ಲಿರುವ ಗುಣಗಳಂಥವೂ, ನಿಜ. ಆದರೆ ಅನೇಕದಲ್ಲಿ ಹರಡಿಕೊಂಡ ಒಂದೇ ನಿತ್ಯ ಸಾಮಾನ್ಯವಿಲ್ಲ. ಈ ಮಡಕೆಗೆ ಇದರದೇ ಮಡಕೆತನ, ಆ ಮಡಕೆಗೆ ಅದರದೇ ಮಡಕೆತನ. ಮಗು ಒಂದು ಮಡಕೆಯನ್ನು ನೋಡಿ ಮಾತು ಕಲಿತು, ಅದರಂತಿರುವ ಇನ್ನೊಂದಕ್ಕೂ ಅದೇ ಮಾತನ್ನು ಬಳಸುವುದು ಸಾದೃಶ್ಯದ, ಎಂದರೆ ಹೋಲಿಕೆಯ, ಬಲದಿಂದ. ಅದೇ ಪರಂಪರೆಯ ಜಯತೀರ್ಥರು 'ನ್ಯಾಯಸುಧಾ'ದಲ್ಲಿಯೂ, ವಿಜಯನಗರದ ಕಾಲದ ವ್ಯಾಸತೀರ್ಥರು (1460–1539) ತಮ್ಮ ಗ್ರಂಥಗಳಲ್ಲಿಯೂ ನ್ಯಾಯವೈಶೇಷಿಕರೊಂದಿಗೆ ಸೂಕ್ಷ್ಮವಾಗಿ ವಾದಿಸಿದ್ದಾರೆ. ವ್ಯಾಸತೀರ್ಥರ ಒಂದು ಗ್ರಂಥದ ಹೆಸರೇ 'ತರ್ಕತಾಂಡವ'.

ಮೂರನೆಯ ಹಂತದ ಚಿನ್ನದ ಕೊಡವನ್ನು ಇಲ್ಲಿ ತಂದು ನೋಡಿ. ತೊಡಕು ಕರಗಿಹೋಗುತ್ತದೆ: ಎರಡು ಕೊಡಗಳೂ ಒಂದರಂತೆ ಒಂದಿವೆ, ಅಷ್ಟೇ ಸಾಕು. ತಿಗರಿಯ ಮೇಲಿನ ಹೊಸ ಮಡಕೆಯೂ ತೊಡಕಾಗುವುದಿಲ್ಲ, ಅದರ ಮಡಕೆತನ ಅದರೊಂದಿಗೇ ಹುಟ್ಟಿತು. ಹಾಗಾದರೆ ತೆತ್ತದ್ದೇನು? ಇದು ಅದರಂತಿದೆ ಎನ್ನುವಾಗ ಯಾವ ಅಂಶದಲ್ಲಿ ಎಂದು ಕೇಳುವವರು ಸುಮ್ಮನಿರುವುದಿಲ್ಲ. ಸಾದೃಶ್ಯವೂ ಪ್ರತಿ ಜೋಡಿಗೆ ಬೇರೆ ಬೇರೆಯಾದರೆ, ಆ ಸಾದೃಶ್ಯಗಳನ್ನೆಲ್ಲ 'ಸಾದೃಶ್ಯ' ಎಂದು ಕರೆಯುವುದು ಹೇಗೆ? ದ್ವೈತಿಗಳು ಅಲ್ಲಿಯೂ ಸಾದೃಶ್ಯವನ್ನೇ ಹೇಳಬೇಕಾಗುತ್ತದೆ. ನನಗೆ ಈ ಸಾಲ ಹೊರಲಾರದಷ್ಟು ಭಾರವೆನ್ನಿಸುವುದಿಲ್ಲ. ಎಲ್ಲೋ ಒಂದು ಕಡೆ ವಿವರಣೆ ನಿಲ್ಲಲೇಬೇಕು. ಕಣ್ಣಿಗೆ ಕಾಣುವ ಹೋಲಿಕೆಯಲ್ಲಿ ನಿಲ್ಲುವುದು, ಕಾಣದ ನಿತ್ಯವಸ್ತುವಿನಲ್ಲಿ ನಿಲ್ಲುವುದಕ್ಕಿಂತ ಒಳ್ಳೆಯದು. ಸಾಮಾನ್ಯದ ಪ್ರಶ್ನೆಯಲ್ಲಿ ನನ್ನ ಒಲವು ಹೀಗೆ ಉಡುಪಿಯ ಕಡೆಗಿದೆ.

ಒಂದು ಎಚ್ಚರಿಕೆ. 'ವಿಶೇಷ' ಎಂಬ ಪದ ವೈಶೇಷಿಕರಲ್ಲಿ ಒಂದು, ದ್ವೈತದಲ್ಲಿ ಬೇರೊಂದು. ವೈಶೇಷಿಕರಿಗೆ ಅದು ಒಂದೇ ತರಹದ ಎರಡು ಪರಮಾಣುಗಳನ್ನು ಬೇರೆ ಮಾಡುವ ಕಟ್ಟಕಡೆಯ ಗುರುತು. ನವ್ಯನ್ಯಾಯದ (ನ್ಯಾಯದ ನಂತರದ ಕಾಲದ ಶಾಖೆಯ) ರಘುನಾಥ ಶಿರೋಮಣಿಗಳು ಅದನ್ನು ಬೇಡವೆಂದರು. ವಿಶೇಷಗಳು ತಮಗೆ ತಾವೇ ಬೇರೆಯಾಗಬಲ್ಲವಾದರೆ ಪರಮಾಣುಗಳೇ ಏಕೆ ಹಾಗಾಗಬಾರದು ಎಂಬುದು ನೇರವಾದ ಪ್ರಶ್ನೆ. ದ್ವೈತದಲ್ಲಿ ವಿಶೇಷವೆಂದರೆ, ಭೇದವಿಲ್ಲದ ಕಡೆಯೂ ವಸ್ತು ಮತ್ತು ಅದರ ಧರ್ಮ ಎಂದು ಎರಡಾಗಿ ಮಾತಾಡಲು ಎಡೆಕೊಡುವ ವಸ್ತುವಿನದೇ ಶಕ್ತಿ, ಭೇದದ ಪ್ರತಿನಿಧಿ. ಎರಡನ್ನೂ ಒಂದೇ ಎಂದುಕೊಂಡು ನಾನು ಒಂದು ಮಳೆಗಾಲವನ್ನೇ ಕಳೆದುಕೊಂಡಿದ್ದೇನೆ.

ಹಂತ 6: ಬಟ್ಟೆಯ ಎಳೆ ಬಿಡಿಸಿ

ಈಗ ಮಡಕೆಯನ್ನು ಪಕ್ಕಕ್ಕಿಟ್ಟು ಬಟ್ಟೆಯನ್ನು ತೆಗೆದುಕೊಳ್ಳಿ. ಪ್ರಶ್ನೆ ಬದಲಾಗುತ್ತದೆ: ಎಳೆಗಳಲ್ಲದೆ ಬಟ್ಟೆ ಎಂಬುದು ಬೇರೆ ಇದೆಯೇ?

ನೈಯಾಯಿಕರು ಇದೆ ಎನ್ನುತ್ತಾರೆ. ಎಳೆಗಳು ಅವಯವ (ಭಾಗ), ಬಟ್ಟೆ ಅವಯವಿ (ಭಾಗಗಳಿಂದಾದ ಇಡೀ ವಸ್ತು). ಅದು ಎಳೆಗಳಲ್ಲಿ ಸಮವಾಯದಿಂದ ನೆಲೆಸಿದ ಹೊಸ ದ್ರವ್ಯ. ಎಳೆಗಳು ಸಮವಾಯಿ ಕಾರಣ, ಹಾಸು ಹೊಕ್ಕುಗಳ ಸಂಯೋಗ ಅಸಮವಾಯಿ ಕಾರಣ, ನೇಕಾರ, ಮಗ್ಗ, ಲಾಳಿ ನಿಮಿತ್ತ ಕಾರಣ. ಇದಕ್ಕೆ ನೈಯಾಯಿಕರ ಮೂಲಗ್ರಂಥವಾದ ನ್ಯಾಯಸೂತ್ರದ ಎರಡನೆಯ ಅಧ್ಯಾಯ ಕೊಡುವ ಯುಕ್ತಿಯನ್ನು ಕೈಯಿಂದಲೇ ಪರೀಕ್ಷಿಸಬಹುದು. ಬಟ್ಟೆಯ ಒಂದು ತುದಿ ಹಿಡಿದೆಳೆಯಿರಿ, ಇಡೀ ಬಟ್ಟೆ ಬರುತ್ತದೆ. ಮರಳಿನ ಗುಡ್ಡೆಯಿಂದ ಒಂದು ಹಿಡಿ ಎಳೆದರೆ ಗುಡ್ಡೆ ಬರುವುದಿಲ್ಲ. ಭಾಷ್ಯಕಾರ ವಾತ್ಸ್ಯಾಯನರು ಈ ಯುಕ್ತಿಯನ್ನು ಹಾಗೆಯೇ ನುಂಗದೆ, ಹಿಡಿದರೆ ಬರುವುದು ಅಂಟಿಕೊಂಡಿರುವುದರಿಂದಲೂ ಆಗಬಹುದು ಎಂದು ಯೋಚಿಸುತ್ತಾರೆ. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ. ಹೆಚ್ಚು ಗಟ್ಟಿಯಾದದ್ದು ಇನ್ನೊಂದು ಯುಕ್ತಿ. ದೂರದಿಂದ ಕಾಡು ಒಂದಾಗಿ ಕಾಣುವುದು ಮರಗಳು ಕಾಣಬಲ್ಲವಾದ್ದರಿಂದ. ಪರಮಾಣುಗಳು ಒಂದೊಂದಾಗಿ ಎಂದೂ ಕಣ್ಣಿಗೆ ಕಾಣವು. ಅವಯವಿ ಇಲ್ಲದಿದ್ದರೆ ನಮಗೆ ಏನೊಂದೂ ಕಾಣಬಾರದಿತ್ತು.

ಬೌದ್ಧರ ಮರುಪ್ರಶ್ನೆ: ಬಟ್ಟೆ ಪ್ರತಿ ಎಳೆಯಲ್ಲಿಯೂ ಪೂರ್ತಿ ಇದೆಯೋ, ಸ್ವಲ್ಪ ಸ್ವಲ್ಪ ಇದೆಯೋ? ಪೂರ್ತಿ ಇದ್ದರೆ ಒಂದೇ ಎಳೆಯನ್ನು ಹೊದ್ದುಕೊಳ್ಳಬಹುದಿತ್ತು. ಸ್ವಲ್ಪವೇ ಇದ್ದರೆ, ಎಳೆಗಳಲ್ಲದೆ ಬಟ್ಟೆಗೆ ಬೇರೆ ಯಾವ ಭಾಗಗಳಿವೆ? ಒಂದೇ ಆದ ವಸ್ತುವಿಗೆ 'ಪೂರ್ತಿ', 'ಸ್ವಲ್ಪ' ಎಂಬ ಮಾತುಗಳೇ ಹೊಂದವು, ಆದ್ದರಿಂದ ಇದು ಪ್ರಶ್ನೆಯೇ ಅಲ್ಲ ಎಂದು ನ್ಯಾಯಸೂತ್ರ ಉತ್ತರಿಸುತ್ತದೆ. ಇನ್ನೊಂದು ಆಕ್ಷೇಪ ತಕ್ಕಡಿಯದು: ಎಳೆಗಳ ಜೊತೆಗೆ ಬಟ್ಟೆಯೆಂಬ ಮತ್ತೊಂದು ದ್ರವ್ಯವೂ ಇದ್ದರೆ ತೂಕ ಹೆಚ್ಚಬೇಕಲ್ಲವೇ? ನೈಯಾಯಿಕರ ಉತ್ತರ ನನ್ನನ್ನು ಒಲಿಸಿಕೊಳ್ಳದೆ ಉಳಿದದ್ದು ಇಲ್ಲಿಯೇ. ಎಳೆ ಮತ್ತು ಬಟ್ಟೆಗಳಿಗೆ ಭೇದವೂ ಇದೆ, ಅಭೇದವೂ ಇದೆ ಎನ್ನುವ ದ್ವೈತಿಗಳಿಗೆ ತಕ್ಕಡಿಯ ಭಯವಿಲ್ಲ. ಆದರೆ ಒಂದೇ ಜೋಡಿಗೆ ಎರಡನ್ನೂ ಹೇಳಿದ್ದಕ್ಕೆ ಅವರು ಬೇರೆ ಲೆಕ್ಕ ಕೊಡಬೇಕು.

ಈಗ ಒಂದು ಎಳೆಯನ್ನು ಪೂರ್ತಿ ಹೊರಗೆಳೆಯಿರಿ. ವೈಶೇಷಿಕರ ಕಟ್ಟುನಿಟ್ಟಿನ ಮಾತಿನಲ್ಲಿ ಮೊದಲಿನ ಬಟ್ಟೆ ನಾಶವಾಯಿತು, ಉಳಿದ ಎಳೆಗಳಲ್ಲಿ ಹೊಸ 'ಖಂಡಪಟ' (ತುಂಡುಬಟ್ಟೆ) ಹುಟ್ಟಿತು. ನಮಗೆ ಅದೇ ಬಟ್ಟೆ ಎನ್ನಿಸುವುದು ಹೋಲಿಕೆಯಿಂದ. ಬಣ್ಣಬಣ್ಣದ ಬಟ್ಟೆ ನಿಮ್ಮಲ್ಲಿದ್ದರೆ ಅದರ ಬಣ್ಣ ಯಾವುದು ಎಂದೂ ಕೇಳಿಕೊಳ್ಳಿ. ಅವಯವಿ ಒಂದೇ ದ್ರವ್ಯವಾದ್ದರಿಂದ ಅದಕ್ಕೆ ಒಂದೇ ಬಣ್ಣ ಬೇಕು. ಕೆಂಪೂ ಅಲ್ಲ, ಕಪ್ಪೂ ಅಲ್ಲ. ತರ್ಕಸಂಗ್ರಹ ಎಣಿಸುವ ಏಳು ಬಣ್ಣಗಳಲ್ಲಿ ಕೊನೆಯದು 'ಚಿತ್ರ', ಇಂತಹ ಬಟ್ಟೆಗೆಂದೇ ಇರುವ ಬಣ್ಣ.

ಹಂತ 7: ಆವಿಗೆಯಲ್ಲಿ ಏನಾಯಿತು?

ಇದು ಚಿಕ್ಕ ಹಂತ. ಹಸಿ ಮಡಕೆ ಕಪ್ಪಗೆ ಒಳಗೆ ಹೋಗಿ ಕೆಂಪಗೆ ಹೊರಗೆ ಬಂತು. ಬೆಂಕಿಯಲ್ಲಿ ಮಡಕೆ ಪರಮಾಣುಗಳವರೆಗೆ ಒಡೆದು, ಅಣುಗಳ ಬಣ್ಣ ಬದಲಾಗಿ, ಮತ್ತೆ ಕೂಡಿಕೊಂಡಿತು ಎಂಬುದು ವೈಶೇಷಿಕರ ಪೀಲುಪಾಕ. ಮಡಕೆ ಮಡಕೆಯಾಗಿಯೇ ಉಳಿದು ಬೆಂದಿತು ಎಂಬುದು ನೈಯಾಯಿಕರ ಪಿಠರಪಾಕ. ಹಸಿ ಮಡಕೆಯ ಮೇಲೆ ಉಗುರಿನಿಂದ ಗೀರಿದ ಗುರುತು ಬೆಂದ ಮೇಲೂ ಅಲ್ಲೇ ಇರುವುದನ್ನು ನೋಡಿದವರಿಗೆ ಎರಡನೆಯದೇ ಸರಿಯೆನ್ನಿಸುತ್ತದೆ.

ಹಂತ 8: ನಿಮ್ಮದೇ ವಸ್ತುವಿಗೆ ಹಚ್ಚಿ

ಇಳಕಲ್ ಸೀರೆಯಲ್ಲಿ ಒಡಲು ಬೇರೆ, ತೋಪ ತೆನೆ ಸೆರಗು ಬೇರೆ. ಸೆರಗಿನ ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿಯಂತೆ ಸಿಲುಕಿಸಿ ಮಗ್ಗದ ಮೇಲೆಯೇ ಕೂಡಿಸುತ್ತಾರೆ. ಒಂದು ತುದಿ ಎಳೆದರೆ ಇನ್ನೊಂದು ಬರುತ್ತದೆ. ಅದು ಒಂದೇ ಅವಯವಿ ಎಂದು ನಾನು ಅಳುಕಿಲ್ಲದೆ ಬರೆದುಕೊಂಡಿದ್ದೇನೆ. ಕೌದಿಯೂ ಹಾಗೆಯೇ. ಬೇರೆ ಬೇರೆ ಬಟ್ಟೆಗಳಿಂದ ಬಂದರೂ ಅಜ್ಜಿಯ ಸೂಜಿ ಅವುಗಳ ನಡುವೆ ಸಾವಿರಾರು ಸಂಯೋಗಗಳನ್ನು ಹುಟ್ಟಿಸಿದೆ. ಅದು ಗುಡ್ಡೆಯಲ್ಲ.

ಹಾಗಾದರೆ ಮದುವೆಯ ಸೀರೆ? ಮೊದಲ ಕತ್ತರಿಯ ಏಟಿಗೆ ಅದು ಹೋಯಿತು ಎಂದು ವೈಶೇಷಿಕರ ಉತ್ತರವಾಗಿ ಬರೆದಿದ್ದೇನೆ. ಅದರ ಪಕ್ಕದಲ್ಲಿ ಜೈನಾಚಾರ್ಯ ಸಮಂತಭದ್ರರ 'ಆಪ್ತಮೀಮಾಂಸೆ'ಯ ಒಂದು ಮಾತು ಇದೆ. ಚಿನ್ನದ ಕೊಡವನ್ನು ಮುರಿದು ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನಿಗೆ ದುಃಖ, ಕಿರೀಟ ಬೇಕಾಗಿದ್ದವನಿಗೆ ಸಂತೋಷ, ಚಿನ್ನ ಬೇಕಾಗಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣವುಂಟು, ಏಕೆಂದರೆ ನಾಶ, ಹುಟ್ಟು, ಸ್ಥಿತಿ ಮೂರೂ ಒಂದೇ ವಸ್ತುವಿನಲ್ಲಿ ನಿಜವಾಗಿ ನಡೆದವು. ಸೀರೆಯನ್ನು ಕತ್ತರಿಸಿದ ದಿನ ಅಜ್ಜಿ ಕಣ್ಣು ಒರೆಸಿಕೊಂಡಳು ಎಂದು ಅವ್ವ ಹೇಳುತ್ತಿದ್ದಳು. ಕೌದಿ ಸಿಕ್ಕ ಮಕ್ಕಳು ಕುಣಿದರಂತೆ.

ಈಗ ಆ ಮೂಲೆಯ ಎಳೆಗಳು ಸಡಿಲವಾಗಿವೆ. ಒಳಗಿನಿಂದ ಬೇರೊಂದು ತುಂಡು ಹಚ್ಚಿ ಹೊಲಿಯಬೇಕು. ಹೊಲಿಯುವ ಮೊದಲು ಎಳೆಗಳನ್ನು ಎಣಿಸಿ, ಎಷ್ಟು ಹೋಗಿವೆ, ಎಷ್ಟು ಉಳಿದಿವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ನೀವೂ ನಿಮ್ಮ ವಸ್ತುವನ್ನು ದುರಸ್ತಿ ಮಾಡುವ ಮೊದಲು ಹಾಗೆಯೇ ಬರೆದಿಟ್ಟುಕೊಳ್ಳಿ, ನಂತರ ಮತ್ತೆ ಒಂದನೆಯ ಹಂತದಿಂದ ಆರಂಭಿಸಿ.